ಗಡಿನಾಡಿನ ಮೊದಲ ತರ್ಕಪುಸ್ತಕ

ಉಮರ್ಗಾ, ನಿಲಂಗಾ, ಉದಗೀರ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಇಲ್ಲಿನ ಕನ್ನಡ ಕುಟುಂಬಗಳಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು ಬೇಕಾಗುತ್ತಿತ್ತು. ತರ್ಕಶಾಸ್ತ್ರ ಓದಲು ಹೊರಟವರು ಇವುಗಳ ಜೊತೆಗೆ ಶಾಸ್ತ್ರಕ್ಕೆಂದೇ ಕಟ್ಟಿದ ಇನ್ನೊಂದು ಭಾಷೆಯನ್ನೂ ಕಲಿಯಬೇಕಿತ್ತು.

ದಖ್ಖನಿನ ಸಂಸ್ಕೃತ ಪಾಠಶಾಲೆಗಳಲ್ಲಿ ಮೊದಲ ಪಾಠ ಅನ್ನಂಭಟ್ಟನ ‘ತರ್ಕಸಂಗ್ರಹ’. 17ನೆಯ ಶತಮಾನದ ಈ ಚಿಕ್ಕ ಗ್ರಂಥ 7 ಪದಾರ್ಥಗಳನ್ನೂ 24 ಗುಣಗಳನ್ನೂ ಹೆಸರಿಸಿ, ಒಂದೊಂದಕ್ಕೂ ಬಿಗಿಯಾದ ಲಕ್ಷಣ ಹೇಳುತ್ತದೆ. ಹೊಗೆಯಿಂದ ಬೆಂಕಿಯನ್ನು ಊಹಿಸುವ ಐದು ಅವಯವಗಳ ವಾಕ್ಯವನ್ನು ವಿದ್ಯಾರ್ಥಿ ಅದರಲ್ಲೇ ಕಲಿಯುತ್ತಿದ್ದ. ಮದರಸಾಗಳಲ್ಲಿ ಆ ಸ್ಥಾನ 13ನೆಯ ಶತಮಾನದ ಅಬ್ಹರಿಯ ‘ಈಸಾಗೂಜಿ’ಗೆ ಸಲ್ಲುತ್ತಿತ್ತು. ಅದು ಪದ, ವಾಕ್ಯ, ಅನುಮಾನ ಎಂಬ ಕ್ರಮದಲ್ಲಿ ಅರಬ್ಬಿ ಪರಿಭಾಷೆಯನ್ನು ಕೊಡುತ್ತಿತ್ತು.

1918ರಲ್ಲಿ ಹೈದರಾಬಾದಿನಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಕಾಲೇಜಿನ ತರ್ಕವೂ ಉರ್ದುವಿಗೆ ಬಂತು. ಪಠ್ಯಗಳನ್ನು ಸಿದ್ಧಪಡಿಸಲು ‘ದಾರುಲ್ ತರ್ಜುಮಾ’ ಎಂಬ ಅನುವಾದ ಸಂಸ್ಥೆ ಅದಕ್ಕೂ ಒಂದು ವರ್ಷ ಮೊದಲೇ ಆರಂಭವಾಗಿತ್ತು. ‘ಉಮ್ರಾವ್ ಜಾನ್ ಅದಾ’ ಬರೆದ ಮಿರ್ಜಾ ಹಾದಿ ರುಸ್ವಾ ಅಲ್ಲಿ ತತ್ವಶಾಸ್ತ್ರದ ಗ್ರಂಥಗಳನ್ನು ಅನುವಾದಿಸಿದರು. ಪುಸ್ತಕಕ್ಕಿಂತ ಮೊದಲು ಪದಗಳು ಬೇಕಾದವು. ಅವನ್ನು ಸಮಿತಿಗಳು ಕೂತು ನಿಶ್ಚಯಿಸಿದವು.

ಈ ಕೆಲಸಕ್ಕೆ ಸಿದ್ಧಾಂತ ಒದಗಿಸಿದವರು ವಹೀದುದ್ದೀನ್ ಸಲೀಂ. ಅವರ ‘ವಜ಼ಎ ಇಸ್ತಿಲಾಹಾತ್’ 1921ರಲ್ಲಿ ಇದೇ ಸಂಸ್ಥಾನದ ಮರಾಠವಾಡ ಭಾಗದ ಔರಂಗಾಬಾದಿನಿಂದಲೇ, ಅಂಜುಮನ್ ತರಕ್ಕಿ ಉರ್ದು ಸಂಸ್ಥೆಯ ಮೂಲಕ ಪ್ರಕಟವಾಯಿತು. ಹೊಸ ಪದಗಳೆಲ್ಲ ಅರಬ್ಬಿ ಧಾತುಗಳಿಂದಲೇ ಹುಟ್ಟಬೇಕೆಂಬ ವಾದವನ್ನು ಅವರು ಒಪ್ಪಲಿಲ್ಲ. ಉಪಸರ್ಗ, ಪ್ರತ್ಯಯ, ಸಮಾಸಗಳಿಂದ ಪದ ಕಟ್ಟುವುದೇ ಉರ್ದುವಿನ ಸ್ವಭಾವವೆಂದರು. ಹಿಂದಿ, ಪಾರಸಿ ಅಂಶಗಳನ್ನೂ ಧಾರಾಳವಾಗಿ ಬಳಸಬೇಕೆಂದರು.

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ಬಳಿಕ ಉಸ್ಮಾನಿಯಾದಲ್ಲಿ ಉರ್ದು ಮಾಧ್ಯಮ ನಿಂತಿತು. 1956ರ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯ ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೆ ಹೋದವು, ಬೀದರ್ ಮೈಸೂರಿಗೆ ಬಂತು. 1958ರಲ್ಲಿ ಔರಂಗಾಬಾದಿನಲ್ಲಿ ಮರಾಠವಾಡ ವಿಶ್ವವಿದ್ಯಾಲಯ ಆರಂಭವಾಗಿ, ಈ ಸೀಮೆಯ ಉನ್ನತ ಶಿಕ್ಷಣ ಮರಾಠಿ ಮತ್ತು ಇಂಗ್ಲಿಷಿನ ಕಡೆಗೆ ತಿರುಗಿತು. ಹೀಗೆ ಗಡಿಯ ಕನ್ನಡ ವಿದ್ಯಾರ್ಥಿಗೆ ಆಡಳಿತ ಬದಲಾದಂತೆ ತರ್ಕದ ಪರಿಭಾಷೆಯೂ ಬದಲಾಯಿತು. ಪರಿಚಿತ ಅಂಶಗಳಿಂದ ಕಟ್ಟಿದ ಪದವನ್ನು ವಿದ್ಯಾರ್ಥಿ ಬಿಡಿಸಿ ಅರ್ಥ ಮಾಡಿಕೊಳ್ಳಬಲ್ಲ ಎಂಬ ಸಲೀಂ ಅವರ ದಾರಿ, ಮೊದಲ ತರ್ಕಪುಸ್ತಕವನ್ನು ಆರಿಸುವವರಿಗೆ ಇಂದಿಗೂ ಒಳ್ಳೆಯ ಅಳತೆಗೋಲು.