ರೈಲು ಬಿಟ್ಟ ದಾರಿ

ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಕುಷ್ಟಗಿಗೆ, ಯಲಬುರ್ಗಾ ಸೀಮೆಯನ್ನು ಹಾದು, 2025ರ ಮೇ 15ರಂದು. ಹೊಸ ಹಳಿಗಳು ಈಗಷ್ಟೇ ಬರುತ್ತಿರುವ ಕೊಪ್ಪಳ ಜಿಲ್ಲೆಯಲ್ಲಿ ಕೂತು ರೈಲು ಬಿಟ್ಟುಹೋದ ದಾರಿಗಳ ಕಥೆ ಹೇಳುವುದೆಂದರೆ ತೊಟ್ಟಿಲ ಮನೆಯಲ್ಲಿ ತಿಥಿಯ ಮಾತು ತೆಗೆದಂತೆ. ಇರಲಿ.

ಕಥೆ ಶುರುವಾದದ್ದು ಅಮೆರಿಕದಲ್ಲಿ. ಕಾರು, ಲಾರಿಗಳೆದುರು ಸೋತ ರೈಲುಗಳು ಒಂದೊಂದಾಗಿ ನಿಲ್ಲುತ್ತಿದ್ದ ಕಾಲ. ಷಿಕಾಗೊ ಸಮೀಪದ ಪಾಳುಬಿದ್ದ ಹಳಿದಾರಿಯನ್ನು ಕಾಲುದಾರಿ ಮಾಡಿರೆಂದು 1963ರಲ್ಲಿ ಮೇ ವಾಟ್ಸ್ ಎಂಬ ನಿಸರ್ಗಜ್ಞೆ ಪತ್ರಿಕೆಗೆ ಪತ್ರ ಬರೆದರು. ಸುತ್ತಲಿನ ಹುಲ್ಲುಗಾವಲೆಲ್ಲ ಹೊಲವಾಗಿತ್ತು. ನೇಗಿಲು ತಾಗದ ಮೂಲ ಹುಲ್ಲು ಹಳಿಯಂಚಿನಲ್ಲಷ್ಟೇ ಉಳಿದಿತ್ತು. ‘ಇಲಿನಾಯ್ ಪ್ರೇರಿ ಪಾತ್’ ಹುಟ್ಟಿದ್ದು ಹಾಗೆ. 1983ರ ಕಾಯ್ದೆಯೊಂದು ಜಾಣ ಉಪಾಯ ಹೂಡಿತು: ಹಳಿ ಕಿತ್ತರೂ ದಾರಿ ತುಂಡಾಗಬಾರದು, ಜನ ನಡೆದಾಡಲಿ, ಮುಂದೆ ಬೇಕಾದರೆ ರೈಲು ಮರಳಿ ಬರಲಿ. ಸ್ಪೇನ್ 1993ರಲ್ಲಿ ಇಂಥ ದಾರಿಗಳಿಗೆ ‘ಹಸಿರು ಹಾದಿ’ ಎಂದೇ ಹೆಸರಿಟ್ಟಿತು. ಬರ್ಲಿನ್‌ನ ಸೂಡ್‌ಗೆಲೆಂಡೆಯಲ್ಲಿ ದಶಕಗಳ ಕಾಲ ಕೇಳುವವರಿಲ್ಲದೆ ಬಿದ್ದಿದ್ದ ರೈಲು ಯಾರ್ಡಿನಲ್ಲಿ ತಾನಾಗಿ ಕಾಡು ಬೆಳೆದು, 2000ದಲ್ಲಿ ಅದೇ ಉದ್ಯಾನವಾಯಿತು.

ನಮ್ಮಲ್ಲಿ ಹೀಗೇಕೆ ಆಗಲಿಲ್ಲ? ಕೊಪ್ಪಳದ ಮೇಲೆ ಹಾಯುವ ಗದಗ–ಹೊಸಪೇಟೆ ಮಾರ್ಗವನ್ನೇ ನೋಡಿ. 1880ರ ದಶಕದ ಮೀಟರ್‌ಗೇಜ್ ಅದು. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಹೊಸ ಹಳಿ ಬಹುತೇಕ ಹಳೆಯ ಏರಿಯ ಮೇಲೆಯೇ ಮಲಗಿತು. ಇನ್ನು ಉಳಿದದ್ದೇನು?

ಆದರೆ ಒಂದು ಕಡೆ ನಡುವೆ ಬಿಡುವು ಸಿಕ್ಕಿತು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಟ್ಟದ ಮಾರ್ಗ: ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 1979ರಲ್ಲಿ ಮುಗಿದ ಈ ಮೀಟರ್‌ಗೇಜ್ 1996ರಲ್ಲಿ ಗೇಜ್ ಬದಲಾವಣೆಗೆಂದು ನಿಂತಿತು. ಗೂಡ್ಸ್ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಕೊನೆಗೆ. ನಡುವಿನ ಹತ್ತು ವರ್ಷ ದಾರಿ ಚಾರಣಿಗರದು. 50 ಅಡಿಗೆ 1 ಅಡಿ ಏರು ಎಂದರೆ ಎಂಜಿನ್ ಏದುಸಿರು ಬಿಡುತ್ತದೆ. ಕಾಲಿಗೆ ಅದು ಏರೇ ಅಲ್ಲ. ದೋಣಿಗಲ್ಲಿನಲ್ಲಿ ಹಳಿ ಹತ್ತಿ, ಟಾರ್ಚ್ ಹಿಡಿದು ಸುರಂಗ ದಾಟಿ, ತಡೆಗಂಬಿಯಿಲ್ಲದ ಸೇತುವೆಗಳಲ್ಲಿ ಸ್ಲೀಪರ್ ಎಣಿಸುತ್ತ ಎಡಕುಮೇರಿ ಸೇರುವುದು ‘ಗ್ರೀನ್ ರೂಟ್’ ಎಂದೇ ಹೆಸರಾಯಿತು. ಆನೆಗಳೂ ಅದೇ ಕಾಡಿನವು. ಈ ದಾರಿ ಯಾರೂ ಯೋಜಿಸಿದ್ದಲ್ಲ, ಯಾರೂ ನೋಡಿಕೊಂಡದ್ದೂ ಅಲ್ಲ. ರೈಲು ಮರಳಿದ ಮೇಲೂ ಜನ ನಡೆಯುತ್ತಲೇ ಇದ್ದಾಗ ನಿಷೇಧ ಬಂತು, ಸರಿಯಾಗಿಯೇ ಬಂತು.

ನನಗನ್ನಿಸುವಂತೆ ರೈಲು ಬಿಟ್ಟ ದಾರಿಗಳ ಮಾತು ಬಂದಾಗ ನಾವು ಹಳಿಯನ್ನೇ ನೋಡುತ್ತೇವೆ, ಅಂಚನ್ನಲ್ಲ. ಕೊಪ್ಪಳದ ವನ್ಯಜೀವಿ ಘಟ್ಟದ ಆನೆಯಲ್ಲ, ಹುಲ್ಲುಬಯಲಿನ ತೋಳ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಅದಕ್ಕೊಂದು ಧಾಮವೇ ಇದೆ. ಕಂದಾಯದ ಕಡತಗಳಲ್ಲಿ ಇಂಥ ಬಯಲಿಗೆ ‘ಬಂಜರು’ ಎಂದು ಹೆಸರು. ಅತ್ತ ಯಲಬುರ್ಗಾದ ಎರೆಹೊಲಗಳ ನಡುವೆ ಹೊಸ ಹಳಿಯ ಎರಡೂ ಬದಿಗೆ ರೈಲ್ವೆಯ ಪಟ್ಟಿಯೊಂದು ಬಂದಿದೆ, ಅಲ್ಲಿ ಕುಂಟೆ ಹೊಡೆಯುವವರಿಲ್ಲ. ವಾಟ್ಸ್ ಕಂಡ ಹುಲ್ಲು ಬದುಕಿ ಉಳಿದದ್ದು ಇಂಥ ಪಟ್ಟಿಯಲ್ಲೇ, ಇನ್ನೂ ರೈಲು ಓಡುತ್ತಿದ್ದ ಕಾಲದಲ್ಲಿ.