ಅಡುಗೆ ಕಲಿಯೋಕೆ ಡಿಗ್ರಿನಾ? ಫ್ಲೆಮಿ ಕಿಟ್ರೆಲ್ ಕಥೆ

1/6
"ಹೋಮ್ ಸೈನ್ಸಾ? ಅಡುಗೆ ಕಲಿಯೋಕೆ ಡಿಗ್ರಿ ಯಾಕಮ್ಮ, ಅಮ್ಮನ ಹತ್ರ ಕಲಿ ಸಾಕು." ಅಡ್ಮಿಷನ್ ಆದ ದಿನದಿಂದ ಈ ಮಾತು ಕೇಳ್ತಾನೇ ಇದ್ದೀನಿ. ನಮ್ಮ ಬ್ಯಾಚಿನವರು ನೀವೂ ಕೇಳಿರ್ತೀರಿ. ಈಗ ಎಂಎಸ್ಸಿಗೆ ಅರ್ಜಿ ಹಾಕೋ ಸಮಯ. "ಈ ಡಿಗ್ರಿ ಇಟ್ಕೊಂಡು ಮುಂದೆ ಓದಿ ಏನು ಮಾಡೋದು?" ಅಂತ ಕೈಚೆಲ್ಲಿ ಕೂತಿರೋರು ಹಾಸ್ಟೆಲ್‌ನಲ್ಲಿ ಬೇಕಾದಷ್ಟು ಜನ. ಹಾಗೆ ಕೂತಿರೋರು ಈ ಆರೂ ಭಾಗ ಓದಿ. ಕಥೆ ಶುರುವಾಗೋದು ಅಮೆರಿಕದಲ್ಲಿ, ಆದರೆ ನಮ್ಮ ದೇಶಕ್ಕೂ ಬರುತ್ತೆ.

2/6
ಎಲೆನ್ ಸ್ವಾಲೋ ರಿಚರ್ಡ್ಸ್ ಓದಿದ್ದು ರಸಾಯನಶಾಸ್ತ್ರ. 1873ರಲ್ಲಿ ಎಂಐಟಿಯಿಂದ ಪದವಿ ಪಡೆದ ಮೊದಲ ಮಹಿಳೆ. ಆದರೆ ಅಲ್ಲಿ ಆಕೆಗೆ ಡಾಕ್ಟರೇಟ್ ಸಿಗಲಿಲ್ಲ. ಆಕೆ ಸುಮ್ಮನಾಗಲಿಲ್ಲ. ಕುಡಿಯೋ ನೀರು, ದಿನಸಿ ಕಲಬೆರಕೆ, ಮನೆಯ ಗಾಳಿ, ಎಲ್ಲವನ್ನೂ ಪ್ರಯೋಗಾಲಯಕ್ಕೆ ತಂದರು. 1899ರಲ್ಲಿ ಲೇಕ್ ಪ್ಲ್ಯಾಸಿಡ್‌ನಲ್ಲಿ ಶುರುವಾದ ಸಮ್ಮೇಳನಗಳಿಂದ "ಹೋಮ್ ಎಕನಾಮಿಕ್ಸ್" ಅನ್ನೋ ವಿಷಯಕ್ಕೆ ಒಂದು ರೂಪ ಬಂತು. ಅಂದರೆ ನಮ್ಮ ವಿಷಯದ ಬೇರು ಇರೋದು ಒಲೆ ಹತ್ರ ಅಲ್ಲ, ಕೆಮಿಸ್ಟ್ರಿ ಲ್ಯಾಬಲ್ಲಿ.

3/6
ಈಗ ಫ್ಲೆಮಿ ಕಿಟ್ರೆಲ್. ಹುಟ್ಟಿದ್ದು 1904, ನಾರ್ತ್ ಕೆರೊಲಿನಾದ ಹೆಂಡರ್ಸನ್ ಊರಲ್ಲಿ. ಕಪ್ಪು ಜನರಿಗೆ ಶಾಲೆ, ಬಸ್ಸು, ಆಸ್ಪತ್ರೆ ಎಲ್ಲವೂ ಬೇರೆ ಇದ್ದ ಕಾಲ. ಹ್ಯಾಂಪ್ಟನ್ ಇನ್‌ಸ್ಟಿಟ್ಯೂಟ್‌ನಲ್ಲಿ ಅಧ್ಯಾಪಕರು ಹೋಮ್ ಎಕನಾಮಿಕ್ಸ್ ತಗೋ ಅಂದಾಗ ಆಕೆಗೆ ಇಷ್ಟವೇ ಇರಲಿಲ್ಲ. ನಮ್ಮಲ್ಲಿ ಎಷ್ಟೋ ಜನರ ಹಾಗೆ! ಮನಸ್ಸು ಬದಲಾಗಿದ್ದು ರಿಚರ್ಡ್ಸ್ ಬಗ್ಗೆ ಓದಿದ ಮೇಲೆ.

1928ರಲ್ಲಿ ಪದವಿ. ಆಮೇಲೆ ಕಾರ್ನೆಲ್ ವಿಶ್ವವಿದ್ಯಾಲಯ: 1930ರಲ್ಲಿ ಸ್ನಾತಕೋತ್ತರ, 1936ರಲ್ಲಿ ಪಿಎಚ್‌ಡಿ. ಪೋಷಣಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಆಕೆ. ಪ್ರಬಂಧದ ವಿಷಯ ಏನು ಗೊತ್ತಾ? ತನ್ನದೇ ರಾಜ್ಯದಲ್ಲಿ ಕಪ್ಪು ಕುಟುಂಬಗಳು ಎಳೆ ಮಕ್ಕಳಿಗೆ ಏನು, ಹೇಗೆ ಉಣಿಸ್ತಾರೆ ಅನ್ನೋದು. ಜನ "ಅದೇನು ಮಹಾ, ಮನೆ ವಿಷಯ" ಅನ್ನೋದನ್ನೇ ಆಕೆ ಸಂಶೋಧನೆಯ ಪ್ರಶ್ನೆ ಮಾಡಿದರು.

4/6
1946-47ರಲ್ಲಿ ಅಮೆರಿಕ ಸರ್ಕಾರ ಆಕೆಯನ್ನು ಆಫ್ರಿಕಾದ ಲೈಬೀರಿಯಾಕ್ಕೆ ಕಳಿಸ್ತು. ಅಲ್ಲಿನ ಜನರ ಊಟ ಹೆಚ್ಚಾಗಿ ಅಕ್ಕಿ, ಮರಗೆಣಸು. ಹೊಟ್ಟೆ ತುಂಬುತ್ತೆ, ಆದರೆ ಪ್ರೋಟೀನ್, ವಿಟಮಿನ್ ಸಾಲಲ್ಲ. ಇದನ್ನು ಆಕೆ "ಅಡಗಿದ ಹಸಿವು" ಅಂದರು. ಹಸಿದವರು ಹಸಿದ ಹಾಗೆ ಕಾಣೋದೇ ಇಲ್ಲ. ಯಾರ ತಟ್ಟೆಗೆ ಏನು ಬೀಳುತ್ತೆ ಅಂತ ಅಳತೆ ಮಾಡಿ ನೋಡೋಕೆ ಕಲಿತವರಿಗೆ ಮಾತ್ರ ಅದು ಕಾಣುತ್ತೆ.

5/6
ಈಗ ನಮ್ಮ ದೇಶಕ್ಕೆ ಬನ್ನಿ. 1949ರಲ್ಲಿ ಬರೋಡಾದಲ್ಲಿ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಶುರುವಾಯ್ತು. ಕುಲಪತಿ ಹಂಸಾ ಮೆಹ್ತಾ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯಲ್ಲಿ "ಎಲ್ಲ ಪುರುಷರು" ಅಂತ ಇದ್ದದ್ದನ್ನು "ಎಲ್ಲ ಮನುಷ್ಯರು" ಅಂತ ಬದಲಾಯಿಸಿದ್ದು ಇದೇ ಹಂಸಾ ಮೆಹ್ತಾ ಅವರ ಒತ್ತಾಯದಿಂದ. 1950ರಲ್ಲಿ ಕಿಟ್ರೆಲ್ ಫುಲ್‌ಬ್ರೈಟ್ ಮೇಲೆ ಅಲ್ಲಿಗೆ ಬಂದು ಗೃಹವಿಜ್ಞಾನ ಕಾಲೇಜು ಕಟ್ಟೋಕೆ ನೆರವಾದರು. ಇವತ್ತು ಅದರ ಹೆಸರು ಕುಟುಂಬ ಮತ್ತು ಸಮುದಾಯ ವಿಜ್ಞಾನ ವಿಭಾಗ. ನಮ್ಮ ಧಾರವಾಡದ ಕೃಷಿ ವಿವಿಯ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಕೂಡ ಈಗ ಸಮುದಾಯ ವಿಜ್ಞಾನ ಕಾಲೇಜು.

ಒಂದು ಕಹಿ ಸತ್ಯಾನೂ ಹೇಳಬೇಕು. ಈ ವಿಷಯ ಹೆಣ್ಣುಮಕ್ಕಳನ್ನು ಕೂರಿಸೋ ಮೂಲೆಯೂ ಆಗಿತ್ತು. ಬೇರೆ ಬಾಗಿಲು ಮುಚ್ಚಿ "ನಿಮಗೆ ಇದು ಸರಿ" ಅಂತ ಇತ್ತ ತಳ್ಳಿದವರು ಬಹಳ. ಹೆಸರು ಬದಲಾದ ಮಾತ್ರಕ್ಕೆ ಆ ಇತಿಹಾಸ ಅಳಿಸಿ ಹೋಗಲ್ಲ. ಆದರೆ ಆ ಮೂಲೆಯಲ್ಲೇ ಏಣಿ ಹಾಕಿ ಹತ್ತಿದವರೂ ಇದ್ದರು. ಎರಡೂ ನಿಜ.

6/6
ಈಗ ನನ್ನ ಮಾತು. ನಮ್ಮನೇಲಿ ಅಮ್ಮ ಯಾವತ್ತೂ ಕೊನೇಲಿ ಉಣ್ತಾಳೆ. ಅಷ್ಟೊತ್ತಿಗೆ ಪಾತ್ರೇಲಿ ಉಳಿದಿರೋದು ಅನ್ನ, ತಿಳಿಸಾರು. ಬೇಳೆ, ಸೊಪ್ಪು ನಮ್ಮ ತಟ್ಟೆಗೆ ಬಂದು ಮುಗಿದಿರುತ್ತೆ. ಹೋದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8. "ಹೊಟ್ಟೆ ತುಂಬಾ ಉಂಡೀನಲ್ಲ" ಅಂದಳು. ಮೂರು ವರ್ಷ ಪೋಷಣೆ ಪಾಠ ಓದಿದ ನನಗೆ ನಮ್ಮನೆ ತಟ್ಟೆ ಕಂಡಿರಲಿಲ್ಲ.

ಎಂಎಸ್ಸಿ ಅರ್ಜಿಯಲ್ಲಿ "ಈ ವಿಷಯ ಯಾಕೆ?" ಅನ್ನೋ ಜಾಗದಲ್ಲಿ ನಾನು ಅಮ್ಮನ ತಟ್ಟೆ ಬಗ್ಗೆ ಬರೆದೆ. ಮನೆಯಲ್ಲಿ ಯಾರು ಯಾವಾಗ ಉಣ್ತಾರೆ, ಅವರಿಗೆ ಎಷ್ಟು ಕಬ್ಬಿಣಾಂಶ ಸಿಗುತ್ತೆ: ಇದೇ ನನ್ನ ಪ್ರಶ್ನೆ. ಇದಕ್ಕೆ ಉತ್ತರ ಹುಡುಕೋಕೆ ಬಯೋಕೆಮಿಸ್ಟ್ರಿ ಬೇಕು, ಸ್ಟ್ಯಾಟಿಸ್ಟಿಕ್ಸ್ ಬೇಕು, ನಾಲ್ಕು ಮನೆ ಬಾಗಿಲು ತಟ್ಟಿ ಮಾತಾಡೋಕೂ ಬರಬೇಕು. ಅದಕ್ಕೇ ಆ ಪೇಪರ್‌ಗಳನ್ನ ಪಾಸಾದ್ರೆ ಸಾಕು ಅಂತ ಬಿಡಬೇಡಿ.

ನಿಮ್ಮ ಮನೇಲೂ ಒಂದು ಪ್ರಶ್ನೆ ಇದ್ದೇ ಇರುತ್ತೆ. ಅದೇನು ಅಂತ ಕಾಮೆಂಟಲ್ಲಿ ಬರೀರಿ. ಅರ್ಜಿ ಹಾಕೋಕೆ ಹಿಂಜರೀತಿರೋ ಗೆಳತಿಗೆ ಇದನ್ನ ಕಳಿಸಿ.

#ಗೃಹವಿಜ್ಞಾನ #ಸಮುದಾಯವಿಜ್ಞಾನ #ಅಡಗಿದಹಸಿವು