ಪವಾಡಕ್ಕೊಬ್ಬ ಕರ್ತೃ

ಬಸ್ಸು ಕಂದಕಕ್ಕೆ ಉರುಳಿತು, ಪ್ರಯಾಣಿಕರು ಪವಾಡಸದೃಶವಾಗಿ ಪಾರಾದರು. ಕನ್ನಡ ಪತ್ರಿಕೆ ಓದುವವರಿಗೆ ಈ ವಾಕ್ಯ ಬಾಯಿಪಾಠವಾಗಿದೆ. ಮಹಡಿಯಿಂದ ಬಿದ್ದ ಮಗು ಬದುಕಿದರೆ ಪವಾಡ, ಸೋಲುವ ಪಂದ್ಯ ಗೆದ್ದರೆ ಪವಾಡ, ವೈದ್ಯರು ಕೈಚೆಲ್ಲಿದ ಮೇಲೆ ರೋಗಿ ಎದ್ದು ಕೂತರೆ ಪವಾಡ. ಇಲ್ಲೆಲ್ಲ ಪವಾಡ ಆಗುತ್ತದೆ, ನಡೆಯುತ್ತದೆ, ಸಂಭವಿಸುತ್ತದೆ. ಅದನ್ನು ಮಾಡಿದವರು ಮಾತ್ರ ವಾಕ್ಯದಲ್ಲಿ ಎಲ್ಲೂ ಸಿಗುವುದಿಲ್ಲ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಈ ಪದಕ್ಕೆ ಬೇರೆಯದೇ ಬಾಳಿದೆ. ಅಲ್ಲಿ ಪವಾಡವನ್ನು ಮಾಡುತ್ತಾರೆ, ತೋರಿಸುತ್ತಾರೆ, ಮೆರೆಯುತ್ತಾರೆ. ಯಾರು ಮಾಡಿದರು, ಎಲ್ಲಿ ಮಾಡಿದರು, ಎಷ್ಟು ಜನ ನಿಂತು ನೋಡಿದರು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಇರುತ್ತದೆ. ವೀರಭದ್ರ ಮನೆದೇವರಾಗಿರುವ ಮನೆತನಗಳಲ್ಲಿ ಮದುವೆಯೆಂದರೆ ಗುಗ್ಗಳದ ಮೆರವಣಿಗೆ ಹೊರಡಲೇಬೇಕು. ಹೊತ್ತಿ ಉರಿಯುವ ಗುಗ್ಗಳದ ಕೊಡ, ಎದೆ ನಡುಗಿಸುವ ಸಮಾಳ ವಾದ್ಯ, ಮುಂದೆ ವೀರಭದ್ರನ ಕುಣಿತದ ಪುರವಂತ. ಅವನ ಮೈಮೇಲೆ ವಿಭೂತಿ, ಕೈಯಲ್ಲಿ ಕತ್ತಿ, ಬಾಯಲ್ಲಿ ದಕ್ಷಯಜ್ಞ ಕೆಡಿಸಿದ ವೀರಭದ್ರನ ಒಡಪು. ಒಡಪಿನ ಏರು ಒಂದು ಮಟ್ಟ ಮುಟ್ಟಿದಾಗ ಸಮಾಳದ ಪೆಟ್ಟೂ ಏರುತ್ತದೆ. ಪುರವಂತ ಚೂಪಾದ ಕಬ್ಬಿಣದ ಶಸ್ತ್ರವನ್ನು ಗಲ್ಲದಲ್ಲೋ ನಾಲಿಗೆಯಲ್ಲೋ ದಾಟಿಸಿಕೊಳ್ಳುತ್ತಾನೆ. ಇದಕ್ಕೆ ಶಸ್ತ್ರ ಹಾಕಿಕೊಳ್ಳುವುದು ಎನ್ನುತ್ತಾರೆ, ಶಸ್ತ್ರಪವಾಡ ಎಂದೂ ಎನ್ನುತ್ತಾರೆ. ತುಂಗಭದ್ರೆಯ ಆಚೆ, ಹೂವಿನಹಡಗಲಿ ತಾಲೂಕಿನ ಮೈಲಾರದ ಜಾತ್ರೆಯಲ್ಲಿ ಕಾರ್ಣಿಕದ ನುಡಿ ಮುಗಿದ ಮೇಲೆ ಕಂಚಾವೀರರೆಂಬ ಭಕ್ತರು ಸರಪಳಿ ಹರಿಯುವುದೂ ಪವಾಡವೇ, ಕಾಲಿಗೆ ಗೂಟ ಬಡಿಸಿಕೊಳ್ಳುವುದೂ ಪವಾಡವೇ. ಹಾವೇರಿ ಜಿಲ್ಲೆಯಿಂದ ಬಂಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರಿನಲ್ಲಿ, ಆ ಜಾತ್ರೆಗೆ ಹೋಗಿಬರುವವರು ಪವಾಡ ನಡೆಯಿತು ಎನ್ನುವುದಕ್ಕಿಂತ 'ಪವಾಡ ಮಾಡಿದ್ರು' ಎನ್ನುವುದೇ ಹೆಚ್ಚು.

ಆ 'ಮಾಡಿದ್ರು' ಎಂಬ ಕ್ರಿಯಾಪದ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅದರ ಬೇರು ಹುಡುಕುತ್ತ ಹೊರಟರೆ ಹಿರೇಕೆರೂರು ತಾಲೂಕಿನ ಅಬಲೂರಿಗೆ ಹೋಗಬೇಕಾಗುತ್ತದೆ. ಸರ್ವಜ್ಞನ ಊರೆಂದೂ ಜನ ಹೇಳುವ ಈ ಹಳ್ಳಿಯ ಸೋಮೇಶ್ವರ ಗುಡಿಯಲ್ಲಿ ಕ್ರಿ.ಶ. 1200ರ ಸುಮಾರಿನ ಒಂದು ದೊಡ್ಡ ಶಾಸನವಿದೆ. ಜೆ.ಎಫ್. ಫ್ಲೀಟ್ ಅದನ್ನು 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ. ಅದು ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಆಳಂದದ ಕಡೆಯ ಈ ಶಿವಭಕ್ತ ಹುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಸೋಮನಾಥನ ಆರಾಧಕ. ದೇವರ ಅಪ್ಪಣೆಯಂತೆ ಅಬಲೂರಿಗೆ ಬಂದ. ಅಲ್ಲಿ ಊರಗೌಡನನ್ನು ಮುಂದಿಟ್ಟುಕೊಂಡ ಜೈನರಿಗೂ ಅವನಿಗೂ ವಾದ ಬೆಳೆಯಿತು. ಶಿವನಿಗೆ ನನ್ನ ತಲೆ ಅರಿದು ಒಪ್ಪಿಸುತ್ತೇನೆ, ಅವನು ಅದನ್ನು ತಿರುಗಿ ಕೊಡುತ್ತಾನೆ ಎಂದು ರಾಮಯ್ಯ ಪಣ ಕಟ್ಟಿದ. ಹಾಗೆ ನಡೆದರೆ ಜಿನಬಿಂಬವನ್ನು ತೆಗೆದು ಶಿವನನ್ನು ನಿಲ್ಲಿಸುತ್ತೇವೆ ಎಂದು ಎದುರಿನವರು ಓಲೆ ಬರೆದುಕೊಟ್ಟರು. ರಾಮಯ್ಯ ತಲೆ ಅರಿದುಕೊಂಡ. ಏಳು ದಿನದ ಮೇಲೆ, ಗಾಯದ ಗುರುತೂ ಉಳಿಯದಂತೆ ತಲೆ ಮರಳಿ ಕೂಡಿತು ಎನ್ನುತ್ತದೆ ಶಾಸನ.

ತಲೆ ಕೂಡಿತೇ ಎಂಬುದನ್ನು ಇಲ್ಲಿ ನಿರ್ಣಯಿಸುವ ಅಗತ್ಯ ನನಗಿಲ್ಲ. ಕಡಿದ ತಲೆ ಕೂಡುವುದಿಲ್ಲ. ನನ್ನ ಗಮನ ಆ ಕಥೆಯ ಕಟ್ಟಡದ ಮೇಲಿದೆ. ಮೊದಲು ಬಾಯಿಮಾತಿನ ಪಣ, ಆಮೇಲೆ ಬರೆದುಕೊಟ್ಟ ಓಲೆ, ಆಮೇಲೆ ಊರಿನವರ ಸಾಕ್ಷಿ, ಎಲ್ಲಕ್ಕೂ ಆಧಾರವಾಗಿ ಒಡ್ಡಿದ ಸ್ವಂತ ದೇಹ. ಜೈನರು ಓಲೆಯ ಮಾತು ನಡೆಸಲಿಲ್ಲವೆಂದು ರಾಮಯ್ಯ ತಾನೇ ಬಸದಿಗೆ ನುಗ್ಗಿ ಬಿಂಬ ಒಡೆದ. ದೂರು ಕಲಚುರಿ ಅರಸ ಬಿಜ್ಜಳನ ಮುಂದೆ ಹೋಯಿತು. ಬೇಕಾದರೆ ಇನ್ನೊಮ್ಮೆ ತಲೆ ಒಪ್ಪಿಸುತ್ತೇನೆ, ಇವರೂ ಪಣ ಕಟ್ಟಲಿ ಎಂದ ರಾಮಯ್ಯ. ಎದುರಾಳಿಗಳು ಹಿಂಜರಿದರು, ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ. ಮುಂದೆ ಹಾನಗಲ್ಲಿನ ಕದಂಬ ಕಾಮದೇವ ಆ ಗುಡಿಗೆ ಒಂದು ಊರನ್ನೇ ದತ್ತಿ ಬಿಟ್ಟ. ಗುಡಿಯ ಗೋಡೆಯಲ್ಲಿ ಈ ಘಟನೆಯ ಶಿಲ್ಪಗಳಿವೆ, ಕೆಳಗೆ ಒಂದೊಂದು ಸಾಲಿನ ಬರಹವೂ ಇದೆ. ಕವಿ ಹರಿಹರ ಇದನ್ನೇ ರಗಳೆ ಮಾಡಿದ.

ಇದನ್ನು ಓದುವಾಗೆಲ್ಲ ನನಗೆ ಕಳವಳವೂ ಆಗುತ್ತದೆ. ಕಥೆ ಹೇಳಿದವರೆಲ್ಲ ಗೆದ್ದ ಪಕ್ಷದವರು. ಬಸದಿ ಕಳೆದುಕೊಂಡವರು ತಮ್ಮ ಕಡೆಯ ಕಥೆಯನ್ನು ಅಬಲೂರಿನ ಕಲ್ಲಿನ ಮೇಲೆ ಬರೆಸುವ ಸ್ಥಿತಿಯಲ್ಲಿ ಇರಲಿಲ್ಲ. ಒಂದು ಪವಾಡಕ್ಕೆ ರಾಜನ ಜಯಪತ್ರ, ಸಾಮಂತನ ಭೂಮಿ, ಶಿಲ್ಪಿಯ ಉಳಿ ಎಲ್ಲ ಕೂಡಿಬಂದರೆ ಒಂದು ಊರಿನ ದೇವರೇ ಬದಲಾಗುತ್ತಾನೆ. ಹಾಗಿದ್ದರೂ ಆ ಪದದ ಒಳಗಿನ ಕರಾರನ್ನು ಅಬಲೂರಿನ ಕಲ್ಲು ಸ್ಪಷ್ಟವಾಗಿ ಹೇಳುತ್ತದೆ: ಪವಾಡ ಮಾಡುವವನು ಒಡ್ಡುವುದು ತನ್ನ ತಲೆಯನ್ನು. ಮಂದಿಯ ತಲೆಯನ್ನು ಒಡ್ಡಿ ಪವಾಡ ಮೆರೆದ ಶರಣ ಯಾವ ಕಥೆಯಲ್ಲೂ ನನಗೆ ಸಿಕ್ಕಿಲ್ಲ.

ಅಬಲೂರಿನಿಂದ ಸವಣೂರಿಗೆ ಬಂದರೆ ಪದವೇ ಬದಲಾಗುತ್ತದೆ. ನವಾಬರ ಈ ಊರಿನಲ್ಲಿ ಉತ್ತರಾದಿ ಮಠದ ಸತ್ಯಬೋಧತೀರ್ಥರ ವೃಂದಾವನವಿದೆ, 1783ರಲ್ಲಿ ವೃಂದಾವನಸ್ಥರಾದವರು. ಅವರು ರಾತ್ರಿಯಲ್ಲಿ ಸೂರ್ಯನನ್ನು ತೋರಿಸಿದರೆಂದು ಭಕ್ತರು ಹೇಳುತ್ತಾರೆ. ಅದನ್ನು ಭಕ್ತರು ಕರೆಯುವುದು ಮಹಿಮೆ ಎಂದು. ಅದೇ ಊರಿನ ದರ್ಗಾಗಳ ಕಡೆ ಸೂಫಿ ಸಂತರಾದ ವಲಿಗಳು ತೋರಿದ್ದಕ್ಕೆ ಕರಾಮತ್ ಎಂಬ ಮಾತಿದೆ. ಅರಬಿಯಿಂದ ಬಂದ ಆ ಮಾತಿಗೆ ಸಂತನ ಮೇಲೆ ದೇವರು ತೋರಿದ ಅನುಗ್ರಹ ಎಂಬ ಗೌರವದ ಅರ್ಥ. ಕನ್ನಡದ ಪೇಟೆಯೊಳಗೆ ಕಾಲಿಟ್ಟು ಕರಾಮತ್ತು ಆದಮೇಲೆ ಅದರ ಪಾಡು ನೋಡಿ. ಲೆಕ್ಕಪತ್ರ ತಿದ್ದಿದವನದೂ ಕರಾಮತ್ತು, ಟೆಂಡರಿನಲ್ಲಿ ಕೈಚಳಕ ತೋರಿದವನದೂ ಕರಾಮತ್ತು. ದರ್ಗಾದ ಒಳಗೆ ಕೈಮುಗಿಸಿಕೊಳ್ಳುವ ಮಾತು ಬಾಗಿಲು ದಾಟುತ್ತಲೇ ಕಳ್ಳನಾದದ್ದು ನೋಡಿದರೆ ನನಗೆ ಮರುಕ ಬರುತ್ತದೆ. ಗಾರುಡಿಗನ ಭಾಗ್ಯ ಇದಕ್ಕೆ ತಿರುಗಾಮುರುಗಾ. ಹಾವಿನ ವಿಷ ಇಳಿಸುವ ಮಂತ್ರಗಾರ, ಸಂತೆಯಲ್ಲಿ ಕಣ್ಕಟ್ಟು ತೋರುವವ, ಕೊನೆಗೆ ಧಾರವಾಡದ ಬೇಂದ್ರೆಯವರಿಂದಾಗಿ ಶಬ್ದಗಾರುಡಿಗನಾಗಿ ಕಾವ್ಯದ ಗದ್ದುಗೆಯನ್ನೇ ಏರಿದ.

ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳಕ್ಕೆ ಹೋದರೆ ಶರೀಫಜ್ಜನನ್ನು ಪವಾಡಪುರುಷ ಎನ್ನುವವರು ಸಿಗುತ್ತಾರೆ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ, ಕೆಲಕಾಲ ಶಾಲೆಯ ಮಾಸ್ತರಿಕೆ ಮಾಡಿದ, ಕಳಸದ ಗೋವಿಂದಭಟ್ಟರ ಶಿಷ್ಯನಾದ ಮನುಷ್ಯ. ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಿಗೆ ರಿವಾಯತ್ ಪದ ಕಟ್ಟಿಕೊಟ್ಟವ. ಗೋವಿಂದಭಟ್ಟರು ಈ ಮುಸಲ್ಮಾನ ಶಿಷ್ಯನಿಗೆ ಜನಿವಾರ ಹಾಕಿದರು ಎಂಬ ಕಥೆಯನ್ನು ಈ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಅದರಲ್ಲಿ ಸತ್ತವರು ಏಳುವುದಿಲ್ಲ, ಮಳೆ ಸುರಿಯುವುದಿಲ್ಲ. ಆ ಕಾಲದ ಅಗ್ರಹಾರದ ನಡುವೆ ಬಾಳಬೇಕಿದ್ದ ಒಬ್ಬ ಬ್ರಾಹ್ಮಣ ತನ್ನ ಮಾನವನ್ನೇ ಪಣಕ್ಕಿಟ್ಟ. ಹಾಗೆ ನೋಡಿದರೆ ಆ ಕಥೆಯಲ್ಲಿ ಪವಾಡ ಮೆರೆದವರು ಗೋವಿಂದಭಟ್ಟರು.

ಇನ್ನು ಮಾಟ. ಓಡುವುದರಿಂದ ಓಟ, ನೋಡುವುದರಿಂದ ನೋಟ, ಕೂಡುವುದರಿಂದ ಕೂಟ. ಹಾಗೆಯೇ ಮಾಡುವುದರಿಂದ ಮಾಟ. ಹುಟ್ಟಿನಲ್ಲಿ ಇದಕ್ಕೆ ಯಾವ ಕೇಡೂ ಇಲ್ಲ. ಮೈಮಾಟ ಎಂದಾಗ, ಮಾಟವಾದ ಮೂಗು ಎಂದಾಗ ಅದು ಇನ್ನೂ ಒಳ್ಳೆಯ ಕೆಲಸಗಾರಿಕೆಯ ಚೆಲುವನ್ನೇ ಹೇಳುತ್ತದೆ. ಆದರೆ ಎಮ್ಮೆ ಹಾಲು ಬತ್ತಿಸಿದಾಗ, ಮಗಳ ಸಂಬಂಧ ಮೂರು ಸಲ ಮುರಿದುಬಿದ್ದಾಗ, ಗಟ್ಟಿಮುಟ್ಟಾದ ಮಗ ಒಮ್ಮೆಲೇ ಕುಡಿತಕ್ಕೆ ಬಿದ್ದಾಗ ಮನೆಯೊಳಗೆ ಹುಟ್ಟುವ ವಾಕ್ಯ ಬೇರೆ: 'ಯಾರೋ ಮಾಟ ಮಾಡಿಸ್ಯಾರ.' ಈ ಮೂರು ಪದಗಳ ವ್ಯಾಕರಣವನ್ನು ಸ್ವಲ್ಪ ನಿಂತು ನೋಡಬೇಕು. ಕರ್ತೃ 'ಯಾರೋ'. ಕ್ರಿಯೆ 'ಮಾಡ್ಯಾರ' ಅಲ್ಲ, 'ಮಾಡಿಸ್ಯಾರ'. ಮಾಡಿದವನೊಬ್ಬ, ಮಾಡಿಸಿದವನು ಇನ್ನೊಬ್ಬ, ಇಬ್ಬರೂ ಕಣ್ಣಿಗೆ ಬೀಳದವರು. ಪವಾಡ ಹಗಲಿನಲ್ಲಿ, ಸಮಾಳ ಬಡಿಸಿ, ಊರು ಕೂಡಿಸಿ ಮಾಡುವಂಥದ್ದು. ಮಾಟಕ್ಕೆ ಬೇಕಾದದ್ದು ಅಮಾವಾಸ್ಯೆ, ಮೂರು ದಾರಿ ಕೂಡುವ ಜಾಗ, ಕುಂಕುಮ ಹಚ್ಚಿ ಕೊಯ್ದ ನಿಂಬೆಕಾಯಿ, ಮತ್ತು ಬೆಳಿಗ್ಗೆ ಅದನ್ನು ಕಂಡು ಬೆದರುವ ಒಬ್ಬರು. ಅದರಲ್ಲಿ ನವೆಯುವುದು ಮಾಡಿದವನ ಮೈಯಲ್ಲ.

'ಯಾರೋ' ಎಂಬ ಖಾಲಿ ಜಾಗ ಬಹಳ ದಿನ ಖಾಲಿ ಇರುವುದಿಲ್ಲ ಎಂಬುದೇ ನಿಜವಾದ ಅಪಾಯ. ಮೊದಲು ದಾಯಾದಿಯ ಹೆಸರು ಬರುತ್ತದೆ, ಆಮೇಲೆ ಓಣಿಯ ಕೊನೆಯಲ್ಲಿ ಒಂಟಿಯಾಗಿರುವ ಹೆಂಗಸಿನದು. ಅವಳ ಮನೆಯ ಮಜ್ಜಿಗೆ ಯಾರೂ ಮುಟ್ಟುವುದಿಲ್ಲ. ಅವಳು ಮಗುವನ್ನು ಎತ್ತಿಕೊಂಡರೆ ತಾಯಂದಿರು ಕಸಿದುಕೊಳ್ಳುತ್ತಾರೆ. ಮಾಟದಿಂದ ಯಾರಿಗೂ ಏನೂ ಆಗುವುದಿಲ್ಲ. ಆದರೆ ಮಾಟ ಎಂಬ ಮಾತು ಒಂದು ಜೀವವನ್ನು ಊರಿನ ನಡುವೆಯೇ ಊರ ಹೊರಗೆ ಹಾಕಬಲ್ಲದು. ಕರ್ನಾಟಕ ವಿಧಾನಮಂಡಲ 2017ರಲ್ಲಿ ಒಪ್ಪಿ, 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆಯನ್ನು ನಾನು ಈ ಕಾರಣಕ್ಕೆ ಮನಸಾರೆ ಒಪ್ಪುತ್ತೇನೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ನಿಧಿಯಾಸೆಗೆ ವಾಮಾಚಾರ ಮಾಡುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು, ಒತ್ತಾಯದಿಂದ ಕೆಂಡ ಹಾಯಿಸುವುದು ಅಲ್ಲಿ ಅಪರಾಧ. ಒಂದು ವರ್ಷದಿಂದ ಏಳು ವರ್ಷದವರೆಗೆ ಜೈಲು, ಐದು ಸಾವಿರದಿಂದ ಐವತ್ತು ಸಾವಿರ ರೂಪಾಯಿ ದಂಡ. ಜ್ಯೋತಿಷ್ಯ, ವಾಸ್ತು ಸಲಹೆಗಳನ್ನು ಕಾಯ್ದೆ ಮುಟ್ಟುವುದಿಲ್ಲ. ಮುಟ್ಟಬೇಕಿತ್ತೆಂದು ವಾದಿಸುವವರಿದ್ದಾರೆ, ನನ್ನ ಮಟ್ಟಿಗೆ ಮೊದಲು ಹೊಡೆತ ನಿಲ್ಲಬೇಕು.

ಪವಾಡ ಎಂಬ ಮಾತಿಗೆ ಇಪ್ಪತ್ತನೆಯ ಶತಮಾನದಲ್ಲಿ ಇನ್ನೊಂದು ತಿರುವು ಕೊಟ್ಟವರು ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸುವ ಸಮಿತಿ ಮಾಡಿ, ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೇ ಪತ್ರ ಬರೆದು, ನಮ್ಮ ಕಣ್ಣೆದುರು ಮಾಡಿ ತೋರಿಸಿ ಎಂದು ಕೇಳಿದರು. ಬಾಬಾ ಒಪ್ಪಲಿಲ್ಲ. ಗಾಳಿಯಿಂದ ವಿಭೂತಿ, ಕೈಯಿಂದ ಉಂಗುರ ಬರುವ ಪವಾಡದಲ್ಲಿ ಮಾಡುವವನಿಗೆ ಕಳೆದುಕೊಳ್ಳುವುದೇನೂ ಇರುವುದಿಲ್ಲ, ಪಡೆಯುವುದೇ ಎಲ್ಲ. ನರಸಿಂಹಯ್ಯನವರು ವೈಚಾರಿಕತೆಯ ಹೆಸರಿನಲ್ಲಿ ಕೇಳಿದ್ದು ಹೊಸದೆಂದು ಅಂದು ಎಲ್ಲರಿಗೂ ಅನಿಸಿತು. ಆದರೆ ಸಾಕ್ಷಿಯ ಎದುರು ಮಾಡು, ಬೇಕಾದರೆ ಎರಡನೆಯ ಸಲವೂ ಮಾಡು ಎಂಬ ಕರಾರು ಅಬಲೂರಿನ ಕಲ್ಲಿನಲ್ಲೇ ಇತ್ತು. ಪವಾಡ ಬಯಲು ಎಂಬ ಜೋಡಿಪದವೂ ಬಳಕೆಗೆ ಬಂತು. ಶಾಲೆಯ ಅಂಗಳಗಳಲ್ಲಿ ತೆಂಗಿನಕಾಯಿಗೆ ತಾನಾಗಿ ಬೆಂಕಿ ಹತ್ತಿಸಿ ಒಳಗಿನ ರಾಸಾಯನಿಕ ತೋರಿಸುವ, ನಡುವೆ ಬಳುಕಿಸಿದ ತ್ರಿಶೂಲವನ್ನು ನಾಲಿಗೆಗೆ ಸಿಕ್ಕಿಸಿ ಗುಟ್ಟು ಬಿಚ್ಚುವ ಕಾರ್ಯಕ್ರಮಗಳನ್ನು ಕಂಡ ಒಂದು ತಲೆಮಾರಿಗೆ ಪವಾಡ ಎಂದರೆ ಮೋಸ ಎಂಬ ಅರ್ಥ ಕೂತುಬಿಟ್ಟಿದೆ.

ಗುಗ್ಗಳದ ಪುರವಂತನಿಗೆ ಈ ಅರ್ಥ ಹೊಂದುವುದಿಲ್ಲ. ಅವನ ಶಸ್ತ್ರ ಬಳುಕಿಸಿದ್ದಲ್ಲ, ನೇರ ಗಲ್ಲ ದಾಟಿದ್ದು. ನೆತ್ತರು ಹೆಚ್ಚು ಹರಿಯದಿರಲು ಕಾರಣಗಳಿವೆ: ಶಸ್ತ್ರ ಸಪೂರ, ತುದಿ ಚೂಪು, ದಾಟಿಸುವ ಕೈ ಪಳಗಿದ್ದು. ಬಾಯಿಯ ಒಳಗಿನ ಗಾಯ ಬೇಗ ಮಾಯುವಂಥದ್ದು ಕೂಡ. ಇದರಿಂದ ಅವನ ಧೈರ್ಯಕ್ಕಾಗಲಿ ಭಕ್ತಿಗಾಗಲಿ ಕುಂದು ಬರುವುದಿಲ್ಲ. ಅವನನ್ನು ಉಂಗುರ ಸೃಷ್ಟಿಸುವವರ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ.

ಆದರೆ ಗುಗ್ಗಳದಲ್ಲಿ ಶಸ್ತ್ರ ಹಾಕಿಸಿಕೊಳ್ಳುವವನು ಪುರವಂತ ಒಬ್ಬನೇ ಅಲ್ಲ. ಹರಕೆ ಹೊತ್ತ ಮನೆಯವರೂ ಸಾಲಾಗಿ ನಿಲ್ಲುತ್ತಾರೆ. ಒಂದೇ ಶಸ್ತ್ರ ಒಬ್ಬರ ಗಲ್ಲದಿಂದ ಇನ್ನೊಬ್ಬರ ಗಲ್ಲಕ್ಕೆ ಹೋದರೆ ಹೆಪಟೈಟಿಸ್ ಬಿ, ಎಚ್‌ಐವಿ ಕೂಡ ಅದರ ಜೊತೆಗೇ ಹೋಗಬಲ್ಲವು; ವಿಭೂತಿ ಸವರಿದರೆ ಅವು ಸಾಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಹೊಸ ಶಸ್ತ್ರ, ಅದನ್ನೂ ಚೆನ್ನಾಗಿ ಕುದಿಸಿ ತರುವುದು ಮದುವೆಯ ಖರ್ಚಿನಲ್ಲಿ ಲೆಕ್ಕಕ್ಕೂ ಬಾರದ ಮಾತು. ಧನುರ್ವಾಯುವಿನ ಚುಚ್ಚುಮದ್ದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದೆ. ಆ ಸಾಲಿನಲ್ಲಿ ಮಕ್ಕಳನ್ನು ನಿಲ್ಲಿಸುವುದೂ ಉಂಟು. ಹರಕೆ ಹೊತ್ತವಳು ತಾಯಿ, ಗಲ್ಲ ಮಾತ್ರ ಆರು ವರ್ಷದ ಮಗನದು. ಸಮಾಳದ ಸದ್ದಿಗೇ ಅರ್ಧ ಅತ್ತಿರುತ್ತಾನೆ. ಒಲ್ಲೆ ಎನ್ನುವ ಹಕ್ಕು ಅವನಿಗಿಲ್ಲ, ಪಣ ಕಟ್ಟಿದವನೂ ಅವನಲ್ಲ. ಏಕಾಂತದ ರಾಮಯ್ಯ ಪಣ ಕಟ್ಟಿದ ಸೀಮೆಯವರೇ ಇದನ್ನು ಪವಾಡ ಎಂದು ಕರೆದರೆ ಆ ಮಾತಿನ ಮೊದಲ ಕರಾರೇ ಮುರಿದುಬೀಳುತ್ತದೆ. ಇದನ್ನು ಮನೆಯ ಹಿರಿಯರಿಗೆ ಎಲ್ಲರಿಗಿಂತ ಚೆನ್ನಾಗಿ ಹೇಳಬಲ್ಲವರು ಪುರವಂತರು. ಗುಗ್ಗಳದ ದಿನ ಅವರ ಮಾತನ್ನು ಮೀರುವವರು ಯಾರೂ ಇಲ್ಲ, ಮತ್ತು ಶಸ್ತ್ರ ಇರುವುದೂ ಅವರ ಕೈಯಲ್ಲೇ.